ಲಾಠಿಗೆ ಎಲ್ಲಿಯವರೆಗೆ ಅಧಿಕಾರ? ಕೋಟತಟ್ಟು ಎಬ್ಬಿಸಿದ ಪ್ರಶ್ನೆ

ಸಾಸ್ತಾನ: ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಬ್ರಹ್ಮಾವರ ದಾಟಿ ಕುಂದಾಪುರದತ್ತ ಸಾಗುವವರಿಗೆ ಸಾಸ್ತಾನ, ಸಾಲಿಗ್ರಾಮ, ಕೋಟ ಒಂದರ ಬೆನ್ನಿಗೊಂದು ಎದುರಾಗುತ್ತವೆ. ಈ ಪರಿಸರವೆಲ್ಲ ಕೋಟ ಪೊಲೀಸ್ ಠಾಣೆಯ ವ್ಯಾಪ್ತಿಗೆ ಸೇರಿದ್ದು. 2021ರ ಡಿಸೆಂಬರ್ 27ರ ರಾತ್ರಿ ಇದೇ ಠಾಣೆಯ ಪೊಲೀಸರು ಸಮೀಪದ ಕೋಟತಟ್ಟು ಗ್ರಾಮದ ಕೊರಗ ಕಾಲನಿಗೆ ತೆರಳಿದರು. ಅಲ್ಲಿ ಮದುವೆಯ ಮುನ್ನಾದಿನಗಳ ಮೆಹಂದಿ ಕಾರ್ಯಕ್ರಮ ನಡೆಯುತ್ತಿತ್ತು. ಡಿಜೆ ಸದ್ದು ಜೋರಾಗಿದೆ ಎಂಬ ದೂರು ಠಾಣೆಗೆ ಬಂದಿತ್ತು. ದೂರಿನ ವಿಚಾರಣೆಗೆಂದು ಹೋದ ಭೇಟಿ ಲಾಠಿ ಪ್ರಹಾರದಲ್ಲಿ ಕೊನೆಗೊಂಡಿತು.

ಮದುಮಗನೂ ಸೇರಿದಂತೆ ಮನೆಯವರು ಹಾಗೂ ನೆಂಟರ ಮೇಲೆ ಪೊಲೀಸರು ಹಲ್ಲೆ ನಡೆಸಿದರೆಂಬ ಆರೋಪ ಜಿಲ್ಲೆಯ ಗಡಿ ದಾಟಿ ರಾಜ್ಯದ ಸುದ್ದಿಯಾಯಿತು. ಬೆನ್ನಲ್ಲೇ ಠಾಣೆಯ ಉಪನಿರೀಕ್ಷಕರನ್ನು ಅಮಾನತುಗೊಳಿಸಲಾಯಿತು. ಕೆಲವು ಸಿಬ್ಬಂದಿಯ ವರ್ಗಾವಣೆಯಾಯಿತು. ಪೊಲೀಸರ ವಿರುದ್ಧ ಪರಿಶಿಷ್ಟ ಜಾತಿ, ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಯಡಿ ಪ್ರಕರಣ ದಾಖಲಾಯಿತು. ಇನ್ನೊಂದೆಡೆ ಕರ್ತವ್ಯಕ್ಕೆ ಅಡ್ಡಿಪಡಿಸಿದರೆಂದು ಪೊಲೀಸ್ ಸಿಬ್ಬಂದಿಯೊಬ್ಬರು ನೀಡಿದ ದೂರಿನ ಮೇಲೆ ಕೊರಗರ ವಿರುದ್ಧವೂ ಪ್ರಕರಣ ದಾಖಲಾದಾಗ ವಿವಾದ ಇನ್ನಷ್ಟು ಕಾವೇರಿತು. 2022ರ ಜನವರಿ ಆರಂಭದಲ್ಲಿ ಆಗಿನ ಗೃಹ ಸಚಿವ ಆರಗ ಜ್ಞಾನೇಂದ್ರ ಅವರು ಕಾಲನಿಗೆ ಭೇಟಿ ನೀಡಿ, ತನಿಖೆಯನ್ನು ಸಿಐಡಿಗೆ ವಹಿಸುವುದಾಗಿ ಪ್ರಕಟಿಸಿದರು.

ಪ್ರಕರಣದ ಸರಿ ತಪ್ಪುಗಳನ್ನು ತೀರ್ಮಾನಿಸಬೇಕಾದದ್ದು ನ್ಯಾಯಾಲಯ. ಆದರೆ ಆ ರಾತ್ರಿ ಎದ್ದ ಮೂಲ ಪ್ರಶ್ನೆ ಒಂದು ಕಾಲನಿಗೆ ಸೀಮಿತವಾದುದಲ್ಲ. ಸ್ವತಂತ್ರ ಸಮಾಜವೊಂದರಲ್ಲಿ ಪೊಲೀಸರ ಅಧಿಕಾರ ಎಲ್ಲಿ ಮುಗಿಯುತ್ತದೆ, ವ್ಯಕ್ತಿಯ ಸ್ವಾತಂತ್ರ್ಯ ಎಲ್ಲಿ ಆರಂಭವಾಗುತ್ತದೆ?

ಎರಡು ವಾದಗಳು

ಪೊಲೀಸರ ಪರವಾಗಿ ಹೇಳಲಾಗುವ ಮಾತುಗಳನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ನೆರೆಮನೆಯಲ್ಲಿ ಕಾಯಿಲೆಯ ವೃದ್ಧರಿರಬಹುದು, ಪರೀಕ್ಷೆಗೆ ಓದುವ ಮಕ್ಕಳಿರಬಹುದು. ಅವರ ನೆಮ್ಮದಿಯೂ ಸ್ವಾತಂತ್ರ್ಯವೇ. ದೂರು ಬಂದ ಮೇಲೆ ಹೋಗದಿದ್ದರೆ ಪೊಲೀಸರು ನಿಷ್ಕ್ರಿಯರೆಂಬ ಟೀಕೆ. ಹೋಗಿ ಕಟ್ಟುನಿಟ್ಟು ಮಾಡಿದರೆ ದರ್ಪವೆಂಬ ಟೀಕೆ. ಬೆರಳೆಣಿಕೆಯ ಸಿಬ್ಬಂದಿ ರಾತ್ರಿ ವೇಳೆ ಗುಂಪೊಂದನ್ನು ಎದುರಿಸುವಾಗ ಕ್ಷಣಾರ್ಧದಲ್ಲಿ ನಿರ್ಧಾರ ಕೈಗೊಳ್ಳಬೇಕಾಗುತ್ತದೆ. ಮಾತಿಗೆ ಬಗ್ಗದವರ ಮುಂದೆ ಕಾನೂನು ಕೈಕಟ್ಟಿ ನಿಂತರೆ ಅದಕ್ಕೆ ಬೆಲೆಯಾದರೂ ಎಲ್ಲಿ ಉಳಿಯುತ್ತದೆ ಎಂಬುದು ಈ ವಾದದ ತಿರುಳು.

ಇನ್ನೊಂದು ವಾದ ಸಂವಿಧಾನದಿಂದ ಹೊರಡುತ್ತದೆ. 21ನೇ ವಿಧಿಯ ಪ್ರಕಾರ ಕಾನೂನು ಗೊತ್ತುಪಡಿಸಿದ ಕ್ರಮದಲ್ಲಲ್ಲದೆ ಯಾರ ಜೀವವನ್ನಾಗಲೀ ವೈಯಕ್ತಿಕ ಸ್ವಾತಂತ್ರ್ಯವನ್ನಾಗಲೀ ಕಸಿದುಕೊಳ್ಳುವಂತಿಲ್ಲ. ಇಲ್ಲಿ 'ಕ್ರಮ' ಎಂಬ ಪದವೇ ಮುಖ್ಯ. ತಪ್ಪು ಮಾಡಿದವನಿಗೂ ಈ ರಕ್ಷಣೆ ಉಂಟು. ತಪ್ಪನ್ನು ತಡೆಯುವುದು, ತಪ್ಪಿತಸ್ಥನೆಂದು ಶಂಕಿಸಿದವನನ್ನು ನ್ಯಾಯಾಲಯದ ಮುಂದೆ ನಿಲ್ಲಿಸುವುದು ಪೊಲೀಸರ ಕೆಲಸ. ಶಿಕ್ಷೆ ವಿಧಿಸುವುದು ಅವರ ಕೆಲಸವಲ್ಲ.

ಮೇಲ್ನೋಟಕ್ಕೆ ಈ ಎರಡು ವಾದಗಳು ಪರಸ್ಪರ ವಿರುದ್ಧವೆನಿಸುತ್ತವೆ. ಆದರೆ ಕಾನೂನಿನ ಪುಟಗಳನ್ನು ತೆರೆದು ನೋಡಿದರೆ ಎರಡಕ್ಕೂ ಅಲ್ಲಿ ಜಾಗವಿದೆ.

ಶಬ್ದ ನಿಯಮ ಏನೆನ್ನುತ್ತದೆ?

ಶಬ್ದಮಾಲಿನ್ಯ (ನಿಯಂತ್ರಣ) ನಿಯಮಗಳು ಜಾರಿಗೆ ಬಂದದ್ದು 2000ದಲ್ಲಿ. ಅವುಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ವಸತಿ ಪ್ರದೇಶಗಳಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿಯಿದೆ. ಸಾಂಸ್ಕೃತಿಕ ಅಥವಾ ಧಾರ್ಮಿಕ ಉತ್ಸವಗಳಿಗಾಗಿ ವರ್ಷಕ್ಕೆ ಹೆಚ್ಚೆಂದರೆ 15 ದಿನ ಮಧ್ಯರಾತ್ರಿ 12ರವರೆಗೆ ರಾಜ್ಯ ಸರ್ಕಾರ ವಿನಾಯಿತಿ ನೀಡಬಹುದು. 2005ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ನೀಡಿದ ಮಹತ್ವದ ತೀರ್ಪು, ಬೇಡದ ಸದ್ದಿನಿಂದ ಮುಕ್ತವಾಗಿ ಬಾಳುವುದೂ 21ನೇ ವಿಧಿಯ ಹಕ್ಕಿನ ಭಾಗವೆಂದು ಸಾರಿತು.

ಕರಾವಳಿಗೆ ಈ ನಿಯಮ ನುಂಗಲಾರದ ತುತ್ತಾದದ್ದುಂಟು. ಬೆಳಗಿನವರೆಗೆ ಯಕ್ಷಗಾನ ಬಯಲಾಟ ನೋಡಿ ಬೆಳೆದ ನಾಡಿದು. 2022ರಲ್ಲಿ ರಾಜ್ಯದಲ್ಲಿ ಧ್ವನಿವರ್ಧಕಗಳ ವಿವಾದ ಎದ್ದ ಬಳಿಕ ಸರ್ಕಾರ ನಿಯಮಗಳ ಪಾಲನೆಗೆ ಸೂಚನೆ ಹೊರಡಿಸಿತು. ಅದೇ ವರ್ಷ ಕಟೀಲು ಮೇಳಗಳು ಕಾಲಮಿತಿಯ ಪ್ರದರ್ಶನಕ್ಕೆ ಮುಂದಾದಾಗಲೂ ಚರ್ಚೆಯ ಕೇಂದ್ರದಲ್ಲಿದ್ದುದು ಇದೇ ಶಬ್ದ ನಿಯಮ. ಆ ಚರ್ಚೆ ಸಭೆ, ಮನವಿ, ಮಾತುಕತೆಗಳಲ್ಲಿ ನಡೆಯಿತು ಎಂಬುದು ಇಲ್ಲಿ ನೆನಪಿಡಬೇಕಾದ ಅಂಶ.

ನಿಯಮ ಮೀರಿದರೆ ಮುಂದೇನು? ಇದಕ್ಕೂ ದಾರಿ ಇದೆ. ಸದ್ದು ಮಿತಿ ಮೀರಿದಾಗ ಅಥವಾ ರಾತ್ರಿಯ ನಿರ್ಬಂಧ ಉಲ್ಲಂಘನೆಯಾದಾಗ ಯಾರೇ ಆದರೂ ದೂರು ನೀಡಬಹುದು. ಗೊತ್ತುಪಡಿಸಿದ ಅಧಿಕಾರಿ ಲಿಖಿತ ಆದೇಶದ ಮೂಲಕ ಸದ್ದನ್ನು ನಿಲ್ಲಿಸಬಹುದು. ಮಿತಿ ಮೀರಿದ ಧ್ವನಿವರ್ಧಕ, ಆಂಪ್ಲಿಫೈಯರ್‌ಗಳನ್ನು ವಶಪಡಿಸಿಕೊಳ್ಳಲು ವ್ಯವಸ್ಥೆ ಮಾಡಬೇಕೆಂದು 2005ರ ತೀರ್ಪು ರಾಜ್ಯಗಳಿಗೆ ನಿರ್ದೇಶನ ನೀಡಿದೆ. ಕೋಟತಟ್ಟಿನ ಘಟನೆ ನಡೆದಾಗ ಜಾರಿಯಲ್ಲಿದ್ದ ಭಾರತೀಯ ದಂಡ ಸಂಹಿತೆಯಲ್ಲಿ ಸಾರ್ವಜನಿಕ ಉಪದ್ರವಕ್ಕೆ ಇದ್ದ ಸಾಮಾನ್ಯ ಶಿಕ್ಷೆ 200 ರೂಪಾಯಿವರೆಗಿನ ದಂಡ. ಶಬ್ದ ನಿಯಮಗಳಿಗೆ ಆಧಾರವಾದ ಪರಿಸರ ಸಂರಕ್ಷಣಾ ಕಾಯ್ದೆಯಲ್ಲಿ ಆಗ ಇದಕ್ಕಿಂತ ಕಠಿಣ ಶಿಕ್ಷೆಗೂ ಅವಕಾಶವಿತ್ತು. ಆದರೆ ಎರಡನ್ನೂ ವಿಧಿಸಬೇಕಾದದ್ದು ನ್ಯಾಯಾಲಯ. ಸದ್ದು ಮಾಡಿದ ಕಾರಣಕ್ಕೆ ಮೈಮೇಲೆ ಏಟು ಎಂಬ ಶಿಕ್ಷೆ ಯಾವ ಕಾಯ್ದೆಯಲ್ಲಿಯೂ ಇಲ್ಲ.

ಬಲಪ್ರಯೋಗಕ್ಕೂ ಮೆಟ್ಟಿಲುಗಳಿವೆ

ಲಾಠಿಯನ್ನು ಬಳಸಲೇಬಾರದೆಂದು ಕಾನೂನು ಹೇಳುವುದಿಲ್ಲ. ಅಕ್ರಮ ಕೂಟವನ್ನು ಅಥವಾ ಸಾರ್ವಜನಿಕ ಶಾಂತಿ ಕದಡಬಹುದಾದ ಐದು ಮಂದಿಗಿಂತ ಕಡಿಮೆಯಿಲ್ಲದ ಗುಂಪನ್ನು ಚದುರಿಸುವ ಅಧಿಕಾರ ಠಾಣಾಧಿಕಾರಿಗೆ ಇದೆ. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 129ನೇ ಕಲಮಿನಲ್ಲಿದ್ದ ಈ ಅವಕಾಶ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 148ನೇ ಕಲಮಾಗಿದೆ. ಆದರೆ ಮೊದಲು ಚದುರುವಂತೆ ಆದೇಶಿಸಬೇಕು. ಆದೇಶಕ್ಕೆ ಮಣಿಯದಿದ್ದರೆ, ಇಲ್ಲವೇ ಮಣಿಯುವುದಿಲ್ಲವೆಂಬುದು ವರ್ತನೆಯಿಂದಲೇ ಸ್ಪಷ್ಟವಾದರೆ ಮಾತ್ರ ಬಲಪ್ರಯೋಗ. ಮದುವೆ ಮನೆಯಲ್ಲಿ ಐವತ್ತು ಜನ ಸೇರಿದ ಮಾತ್ರಕ್ಕೆ ಅದು ಅಕ್ರಮ ಕೂಟವಾಗದು.

ದೆಹಲಿಯ ರಾಮಲೀಲಾ ಮೈದಾನದಲ್ಲಿ 2011ರ ಜೂನ್ 4ರ ನಡುರಾತ್ರಿಯ ಬಳಿಕ, ಮಲಗಿದ್ದ ಜನರ ಮೇಲೆ ನಡೆದ ಪೊಲೀಸ್ ಕಾರ್ಯಾಚರಣೆಯನ್ನು ಸುಪ್ರೀಂ ಕೋರ್ಟ್ ಸ್ವಯಂಪ್ರೇರಣೆಯಿಂದ ವಿಚಾರಣೆಗೆ ಎತ್ತಿಕೊಂಡಿತ್ತು. 2012ರ ಫೆಬ್ರುವರಿ 23ರ ತೀರ್ಪಿನಲ್ಲಿ ನ್ಯಾಯಾಲಯ ಪೊಲೀಸರ ಅತಿರೇಕವನ್ನು ಖಂಡಿಸಿತು. ಸಂಘಟಕರ ಲೋಪವನ್ನೂ ಗುರುತಿಸಿತು. ನಿದ್ರೆ ಮನುಷ್ಯನ ಮೂಲಭೂತ ಅಗತ್ಯವೆಂದೂ ಅದು ಹೇಳಿತು. ಸದ್ದಿನಿಂದ ನಿದ್ದೆಗೆಟ್ಟ ನೆರೆಯವನೂ, ಲಾಠಿಯೇಟಿಗೆ ಸಿಕ್ಕ ನೆಂಟನೂ ಇದೇ ಒಂದು ತೀರ್ಪನ್ನು ಆಧಾರವಾಗಿ ಹಿಡಿಯಬಹುದು.

ಬಂಧನಕ್ಕೂ ನಿಯಮಗಳಿವೆ. 1996ರ ಡಿಸೆಂಬರಿನಲ್ಲಿ ಡಿ.ಕೆ. ಬಸು ಪ್ರಕರಣದ ತೀರ್ಪು 11 ಸೂಚನೆಗಳನ್ನು ನೀಡಿತು. ಬಂಧಿಸುವ ಪೊಲೀಸರು ಹೆಸರಿನ ಪಟ್ಟಿ ಧರಿಸಿರಬೇಕು, ಸಾಕ್ಷಿಯ ಸಹಿಯುಳ್ಳ ಬಂಧನ ಪತ್ರ ಸಿದ್ಧವಾಗಬೇಕು, ಬಂಧುಗಳಿಗೆ ತಿಳಿಸಬೇಕು ಎಂಬವು ಅವುಗಳಲ್ಲಿ ಕೆಲವು. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆಂಬುದು ಸಂವಿಧಾನದ 22ನೇ ವಿಧಿಯ ಆಜ್ಞೆ. ಸೂರ್ಯಾಸ್ತದ ಬಳಿಕ ಮಹಿಳೆಯರನ್ನು ಬಂಧಿಸಬೇಕಾದ ಅಪರೂಪದ ಸಂದರ್ಭದಲ್ಲಿ ಮ್ಯಾಜಿಸ್ಟ್ರೇಟರ ಪೂರ್ವಾನುಮತಿ ಪಡೆದು ಮಹಿಳಾ ಅಧಿಕಾರಿಯೇ ಕ್ರಮ ಕೈಗೊಳ್ಳಬೇಕು.

ರಾತ್ರಿ ಬಾಗಿಲು ತಟ್ಟುವ ಅಧಿಕಾರ

ಪೊಲೀಸರು ಹೊತ್ತಲ್ಲದ ಹೊತ್ತಿನಲ್ಲಿ ಮನೆಗೆ ಬರುವ ವಿಷಯವೂ ಹೊಸದಲ್ಲ. ಖಡಕ್ ಸಿಂಗ್ ಪ್ರಕರಣದಲ್ಲಿ 1962ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್, ನಿಗಾ ಇಡುವ ನೆಪದಲ್ಲಿ ರಾತ್ರಿ ಮನೆಗೆ ಹೋಗುವ ಉತ್ತರ ಪ್ರದೇಶ ಪೊಲೀಸರ ನಿಯಮವನ್ನು ರದ್ದುಪಡಿಸಿತು. ಆದರೆ ಖಾಸಗಿತನ ಮೂಲಭೂತ ಹಕ್ಕಲ್ಲ ಎಂದು ಬಹುಮತದ ತೀರ್ಪು ಹೇಳಿತ್ತು. ಆ ಕೊರತೆ ನೀಗಲು 2017ರ ಆಗಸ್ಟ್ 24ರವರೆಗೆ ಕಾಯಬೇಕಾಯಿತು. ಅಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಎಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ.

2025ರಲ್ಲಿ ನೆರೆಯ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಇದೇ ವಿಷಯ ಬೇರೊಂದು ರೂಪದಲ್ಲಿ ತಲೆಯೆತ್ತಿತು. ಸಂಘಟನೆಗಳ ಕಾರ್ಯಕರ್ತರ ಮನೆಗಳಿಗೆ ಪೊಲೀಸರು ರಾತ್ರಿ ಹೋಗಿ ಫೋಟೊ ತೆಗೆಯುತ್ತಿದ್ದಾರೆಂಬ ಆಕ್ಷೇಪ ಕೇಳಿಬಂತು. ಕೋಮು ಘಟನೆಗಳ ಬಳಿಕ ಮುನ್ನೆಚ್ಚರಿಕೆ ಅನಿವಾರ್ಯ ಎಂಬುದು ಇನ್ನೊಂದು ಕಡೆಯ ಮಾತಾಗಿತ್ತು. ಕೋಟತಟ್ಟಿನಲ್ಲಿ ಪೊಲೀಸರನ್ನು ಟೀಕಿಸಿದವರೂ ಇಲ್ಲಿ ಟೀಕಿಸಿದವರೂ ಒಂದೇ ಪಾಳೆಯದವರಾಗಿರಬೇಕಿಲ್ಲ. ಆದರೆ ಎರಡೂ ಕಡೆಯವರು ಕೇಳಿದ್ದು ಒಂದೇ ರಕ್ಷಣೆಯನ್ನು. ತಮಗೆ ಬೇಡವಾದವರ ಮನೆಯ ಬಾಗಿಲು ತಟ್ಟಿದಾಗ ಸುಮ್ಮನಿದ್ದವರಿಗೆ ತಮ್ಮ ಬಾಗಿಲು ತಟ್ಟಿದಾಗ ಆಡಲು ಮಾತು ಉಳಿದಿರುವುದಿಲ್ಲ.

ಹಳೆಯ ಬೇರು

ಪೊಲೀಸ್ ದರ್ಪದ ದೂರು ಈಗಿನ ಪೊಲೀಸ್ ವ್ಯವಸ್ಥೆಗಿಂತಲೂ ಹಳೆಯದು. ಈ ಪ್ರದೇಶವೆಲ್ಲ ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಕಂದಾಯ ವಸೂಲಿಗಾಗಿ ರೈತರನ್ನು ಹಿಂಸಿಸಲಾಗುತ್ತಿದೆ ಎಂಬ ದೂರುಗಳ ಬಗ್ಗೆ ವಿಚಾರಿಸಿದ ಆಯೋಗ 1855ರಲ್ಲಿ ವರದಿ ನೀಡಿತು. ಕಂದಾಯದ ಅಧಿಕಾರ, ಪೊಲೀಸ್ ಅಧಿಕಾರ ಎರಡೂ ಒಂದೇ ಕೈಯಲ್ಲಿದ್ದುದರ ಅಪಾಯ ಆಗ ಬೆಳಕಿಗೆ ಬಂತು. 1859ರಲ್ಲಿ ಮದ್ರಾಸ್ ಜಿಲ್ಲಾ ಪೊಲೀಸ್ ಕಾಯ್ದೆ ಬಂದು ಪ್ರತ್ಯೇಕ ಪೊಲೀಸ್ ಪಡೆ ರೂಪುಗೊಂಡಿತು. ರಾಜ್ಯ ಏಕೀಕರಣದ ನಂತರ 1963ರ ಕರ್ನಾಟಕ ಪೊಲೀಸ್ ಕಾಯ್ದೆ ಜಾರಿಗೆ ಬಂತು. ಕಾಯ್ದೆಗಳು ಬದಲಾದರೂ, ಜನರಿಗೆ ಉತ್ತರ ಹೇಳುವುದಕ್ಕಿಂತ ಮೇಲಿನವರಿಗೆ ಉತ್ತರ ಹೇಳುವ ವಸಾಹತು ಕಾಲದ ರೂಢಿ ಪೂರ್ತಿ ಅಳಿದಿಲ್ಲ ಎಂಬ ಟೀಕೆ ಉಳಿದುಕೊಂಡಿದೆ.

ಕೊರಗರ ಅಂಗಳದಲ್ಲಿ

ಕೋಟತಟ್ಟಿನ ಪ್ರಕರಣಕ್ಕೆ ಇನ್ನೊಂದು ಆಯಾಮವಿದೆ. ಕರ್ನಾಟಕದಲ್ಲಿ ವಿಶೇಷವಾಗಿ ದುರ್ಬಲವೆಂದು ಗುರುತಿಸಲಾದ ಬುಡಕಟ್ಟುಗಳು ಎರಡೇ: ಜೇನುಕುರುಬರು ಮತ್ತು ಕೊರಗರು. ಕೊರಗರನ್ನು ಹೀನಾಯವಾಗಿ ನಡೆಸಿಕೊಳ್ಳುವ ಅಜಲು ಪದ್ಧತಿಯನ್ನು ರಾಜ್ಯ ಶಾಸನ ಸಭೆ ಕಾಯ್ದೆಯ ಮೂಲಕ ನಿಷೇಧಿಸಿದ್ದು 2000ದಲ್ಲಿ. ಕಂಬಳದ ಹಿಂದಿನ ರಾತ್ರಿ ಚಳಿಯಲ್ಲಿ ಗದ್ದೆಯಂಚಿಗೆ ಕುಳಿತು ಡೋಲು ಬಡಿಯುವುದು ಅವರ ಪಾಲಿನ ಕಟ್ಟಳೆಯಾಗಿತ್ತು. ಊರವರ ಉತ್ಸವಕ್ಕೆ ರಾತ್ರಿಯಿಡೀ ಸದ್ದು ಮಾಡಬೇಕಾಗಿದ್ದ ಸಮುದಾಯ, ತನ್ನ ಮನೆಯ ಮದುವೆಯ ಸದ್ದಿಗಾಗಿ ಏಟು ತಿನ್ನಬೇಕಾಯಿತು ಎಂಬ ನೋವು ಆ ದಿನಗಳ ಪ್ರತಿಭಟನೆಗಳ ಹಿಂದಿತ್ತು.

ಕಾನೂನು ಎಲ್ಲರಿಗೂ ಒಂದೇ. ಆದರೆ ಅದರ ಜಾರಿ ಎಲ್ಲರ ಮೇಲೂ ಒಂದೇ ತೂಕದಲ್ಲಿ ಬೀಳುವುದಿಲ್ಲ. ದೂರವಾಣಿ ಕರೆ ಮಾಡಿ ಪ್ರಭಾವಿಗಳನ್ನು ಎಬ್ಬಿಸಬಲ್ಲವರ ಮನೆಯ ಡಿಜೆಗೆ ಸಿಗುವ ವಿನಯದ ಎಚ್ಚರಿಕೆ, ಕಾಲನಿಯ ಡಿಜೆಗೂ ಸಿಕ್ಕಿದಾಗಲೇ ಸಮಾನತೆಯ ಮಾತಿಗೆ ಅರ್ಥ.

ದೂರು ಎಲ್ಲಿಗೆ?

ಪೊಲೀಸರು ಎಲ್ಲೆ ಮೀರಿದರೆ ಯಾರನ್ನು ಕೇಳಬೇಕು? ಅಮಾನತು ಶಿಕ್ಷೆಯಲ್ಲ, ವಿಚಾರಣೆ ಮುಗಿಯುವವರೆಗಿನ ತಾತ್ಕಾಲಿಕ ಕ್ರಮ ಮಾತ್ರ. ಪ್ರಕಾಶ್ ಸಿಂಗ್ ಪ್ರಕರಣದಲ್ಲಿ 2006ರ ಸೆಪ್ಟೆಂಬರ್ 22ರಂದು ಸುಪ್ರೀಂ ಕೋರ್ಟ್, ರಾಜ್ಯ ಹಾಗೂ ಜಿಲ್ಲಾ ಮಟ್ಟದಲ್ಲಿ ಪೊಲೀಸ್ ದೂರು ಪ್ರಾಧಿಕಾರಗಳನ್ನು ರಚಿಸಲು ಆದೇಶಿಸಿತು. ಕರ್ನಾಟಕ 2012ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಇದಕ್ಕೆ ಅವಕಾಶ ಕಲ್ಪಿಸಿತು. ಇಂಥ ಪ್ರಾಧಿಕಾರವೊಂದು ಇದೆಯೆಂಬುದೇ ಅನೇಕ ನಾಗರಿಕರಿಗೆ ತಿಳಿದಿಲ್ಲ. ಠಾಣೆಗಳ ಒಳಹೊರಗೆ ಸಿಸಿಟಿವಿ ಕ್ಯಾಮೆರಾ ಅಳವಡಿಸಬೇಕು, ಅದರ ದಾಖಲೆಯನ್ನು 18 ತಿಂಗಳು ಕಾಪಾಡಬೇಕು ಎಂಬ ಆದೇಶ 2020ರ ಡಿಸೆಂಬರ್ 2ರದು. ಆದರೆ ಠಾಣೆಯಿಂದ ದೂರದ ಮದುವೆ ಅಂಗಳಕ್ಕೆ ಆ ಕ್ಯಾಮೆರಾದ ಕಣ್ಣು ಹರಿಯದು.

ಪೊಲೀಸರಿಗೂ ರಕ್ಷಣೆ ಬೇಕು. ಕರ್ನಾಟಕದಿಂದಲೇ ಹೋಗಿದ್ದ ಡಿ. ದೇವರಾಜ ಪ್ರಕರಣದಲ್ಲಿ 2020ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್, ಕರ್ತವ್ಯದೊಂದಿಗೆ ಸಂಬಂಧವುಳ್ಳ ಕೃತ್ಯ ಮಿತಿ ಮೀರಿದ್ದರೂ ವಿಚಾರಣೆಗೆ ಸರ್ಕಾರದ ಪೂರ್ವಾನುಮತಿ ಬೇಕೆಂದು ಹೇಳಿತು. ಸುಳ್ಳು ದೂರುಗಳ ಭಯದಲ್ಲಿ ಪೊಲೀಸರು ಕೈಕಟ್ಟಿ ಕೂರಬಾರದೆಂಬುದು ಇದರ ಉದ್ದೇಶ. ಆದರೆ ಅನುಮತಿಯ ಕಡತ ವರ್ಷಗಟ್ಟಲೆ ಧೂಳು ತಿಂದರೆ ರಕ್ಷಣೆಯೇ ವಿನಾಯಿತಿಯಾಗುತ್ತದೆ. ಹೊಸ ಸಂಹಿತೆ ಇದಕ್ಕೆ 120 ದಿನಗಳ ಗಡುವು ವಿಧಿಸಿದೆ. ಅಷ್ಟರೊಳಗೆ ಸರ್ಕಾರ ತೀರ್ಮಾನಿಸದಿದ್ದರೆ ಅನುಮತಿ ದೊರೆತಂತೆಯೇ ಲೆಕ್ಕ.

ಡಿಜೆ ಸದ್ದಿನ ದೂರು ನಾಳೆಯೂ ಬರುತ್ತದೆ, ಪೊಲೀಸರು ಹೋಗಲೇಬೇಕಾಗುತ್ತದೆ. ಹೋದವರು ಎಚ್ಚರಿಕೆ ನೀಡಿದರೆ, ಕೇಳದಿದ್ದಾಗ ಯಂತ್ರವನ್ನು ವಶಪಡಿಸಿಕೊಂಡು ರಸೀದಿ ಕೊಟ್ಟರೆ, ಪ್ರಕರಣ ದಾಖಲಿಸಿ ಮರಳಿದರೆ ನೆರೆಯವರಿಗೆ ನಿದ್ದೆ ಬರುತ್ತದೆ. ಮದುವೆ ಮನೆಯವರಿಗೆ ನ್ಯಾಯಾಲಯದಲ್ಲಿ ತಮ್ಮ ಮಾತು ಹೇಳಲು ಅವಕಾಶ ಉಳಿಯುತ್ತದೆ. ಅಧಿಕಾರ ಮತ್ತು ಸ್ವಾತಂತ್ರ್ಯ ಎರಡೂ ಒಟ್ಟಿಗೆ ಉಳಿಯುವ ದಾರಿ ಕಾಯ್ದೆಯ ಪುಸ್ತಕದಲ್ಲಿ ಆಗಲೇ ಇದೆ. ಆ ದಾರಿಯಲ್ಲಿ ನಡೆಯುವ ತಾಳ್ಮೆಯನ್ನು ಪ್ರತಿ ಠಾಣೆಯಲ್ಲೂ ರೂಢಿಸುವುದು ಇಲಾಖೆಯ ಹೊಣೆ. ರೂಢಿಯಾಗಿದೆಯೇ ಎಂದು ಕೇಳುತ್ತಿರುವುದು ನಾಗರಿಕರ ಹಕ್ಕು.