ಹಳೆಯ ಹತ್ತಿ ಕಾರಖಾನೆಗಳ ಪುನರುಪಯೋಗ: ಮುಳಗುಂದ ಭಾಗದ ಆಹಾರೋದ್ಯೋಗಗಳಿಗೆ ಒಂದೇ ಸೂರು

ಗದಗ ಸೀಮೆಯ ಎರೆಭೂಮಿಗೂ ಹತ್ತಿಗೂ ಇರುವ ಸಂಬಂಧವು ಬಹಳ ಹಳೆಯದು. 1840ರ ದಶಕದಲ್ಲಿ ಅಮೇರಿಕೆಯ ನ್ಯೂ ಆರ್ಲಿಯನ್ಸ್ ಜಾತಿಯ ಬೀಜವು ಧಾರವಾಡ ಜಿಲ್ಲೆಗೆ ಬಂದು, ಕಾಲಕ್ರಮದಲ್ಲಿ ‘ಧಾರವಾಡ-ಅಮೇರಿಕನ್’ ಎಂಬ ಹೆಸರಿನಿಂದ ಇಲ್ಲಿಯ ನೆಲಕ್ಕೆ ಒಗ್ಗಿಕೊಂಡಿತು. 1861ರಿಂದ 1865ರ ವರೆಗೆ ಅಮೇರಿಕೆಯಲ್ಲಿ ಅಂತರ್ಯುದ್ಧವು ನಡೆದಾಗ ವಿಲಾಯತಿಯ ಗಿರಣಿಗಳಿಗೆ ಅಲ್ಲಿಯ ಅರಳೆಯು ದೊರೆಯದಂತಾಗಿ, ಈ ಭಾಗದ ಹತ್ತಿಗೆ ಹಿಂದೆಂದೂ ಕಾಣದ ಧಾರಣೆ ಬಂದಿತು. 1884ರ ಸುಮಾರಿಗೆ ರೇಲ್ವೆಯು ಗದಗನ್ನು ಮುಟ್ಟಿದ ತರುವಾಯ, ಹತ್ತಿಯಿಂದ ಕಾಳನ್ನು ಬೇರ್ಪಡಿಸುವ ಜಿನ್ನಿಂಗ್ ಕಾರಖಾನೆಗಳೂ ಅರಳೆಯನ್ನೊತ್ತಿ ಅಂಡಿಗೆ ಕಟ್ಟುವ ಪ್ರೆಸ್ಸುಗಳೂ ಗದಗ-ಬೆಟಗೇರಿಯಲ್ಲಿ ನೆಲೆಗೊಂಡವು. ಧಾರವಾಡ-ಅಮೇರಿಕನ್ ಹತ್ತಿಯಿಂದ ಆರಿಸಿ ತೆಗೆದ ತಳಿಯೊಂದಕ್ಕೆ ‘ಗದಗ ನಂಬರ 1’ ಎಂಬ ಹೆಸರೇ ಬಿದ್ದಿತೆಂದ ಮೇಲೆ ಈ ಪೇಟೆಯ ಪ್ರಸಿದ್ಧಿಯನ್ನು ಬೇರೆ ಹೇಳಬೇಕಾದದ್ದಿಲ್ಲ.

ಕಾಲವು ಬದಲಾಗಿದೆ. ರೈತರು ಹತ್ತಿಯ ಬದಲು ಹೆಸರು, ಗೋವಿನಜೋಳ, ಶೇಂಗಾ, ಉಳ್ಳಾಗಡ್ಡಿ, ಮೆಣಸಿನಕಾಯಿಗಳ ಕಡೆಗೆ ಹೊರಳಿದರು. 2000ದಲ್ಲಿ ಕೇಂದ್ರ ಸರಕಾರವು ಆರಂಭಿಸಿದ ಹತ್ತಿ ತಂತ್ರಜ್ಞಾನ ಅಭಿಯಾನದ ಕಾಲದಲ್ಲಿ ಹೊಸ ಯಂತ್ರಗಳನ್ನು ಹೂಡಿದ ಕಾರಖಾನೆಗಳು ಮುಂದೆ ಹೋದವು. ಹೂಡಲಾರದ ಸಣ್ಣ ಜಿನ್ನುಗಳು ಹಿಂದೆ ಬಿದ್ದವು. ಹೀಗೆ ಕೆಲಸ ನಿಂತ ಕಟ್ಟಡಕ್ಕೆ ಸಾಮಾನ್ಯವಾಗಿ ಒಂದೇ ಗತಿಯು ಕಾಣುತ್ತದೆ: ಯಂತ್ರವನ್ನು ಮೋಡಕಾಕ್ಕೆ ಹಾಕುವದು, ಗೋಡೆಯನ್ನು ಕೆಡವುವದು, ನೆಲವನ್ನು ಪ್ಲಾಟುಗಳನ್ನಾಗಿ ಮಾರುವದು. ಬೆಂಗಳೂರಿನ ಹೆಸರಾಂತ ಬಿನ್ನಿ ಗಿರಣಿಯ ನೆಲದ ಮೇಲೆ ಈಗ ಬಹು ಅಂತಸ್ತಿನ ವಾಸದ ಮನೆಗಳು ನಿಂತಿವೆ. ಪ್ಲಾಟಿನ ಹಣವು ಒಂದು ಸಲ ಬರುವದು. ಆದರೆ ಕಣದ ಮಾಲನ್ನು ಊರಲ್ಲಿಯೇ ಹದಗೊಳಿಸುವ ಅನುಕೂಲವು ಒಮ್ಮೆ ಹೋದರೆ ತಿರುಗಿ ಬರುವದು ಕಠಿಣ. ಆದಕಾರಣ ಇಂಥ ಕಟ್ಟಡಗಳು ಯಾರ ಸ್ವಾಧೀನದಲ್ಲಿರುವವೋ ಆ ಭೂಮಾಲಿಕರೂ, ಊರಿನ ಹಿತವನ್ನು ನೋಡುವ ಗೌಡರೂ ಪ್ರಮುಖರೂ ಈ ವಿಷಯವನ್ನು ಸಕಾಲದಲ್ಲಿ ವಿಚಾರಿಸತಕ್ಕದ್ದು.

ಮುಳಗುಂದದ ಅನುಕೂಲತೆಗಳು

ಹನ್ನೆರಡನೆಯ ಶತಮಾನದ ಆರಂಭದಲ್ಲಿ ‘ಧರ್ಮಾಮೃತ’ವನ್ನು ಬರೆದ ನಯಸೇನನ ಊರೆಂದು ಪ್ರಸಿದ್ಧವಾದ ಮುಳಗುಂದವು ಗದಗಿನಿಂದ ನೈಋತ್ಯಕ್ಕೆ ಸುಮಾರು 20 ಕಿಲೋಮೀಟರು ದೂರದಲ್ಲಿದೆ. ಹರ್ತಿ, ಚಿಂಚಲಿ, ನೀಲಗುಂದ ಮೊದಲಾದ ಹಳ್ಳಿಗಳು ಅದರ ಸುತ್ತಲೂ ಇವೆ; ಗದಗ, ಲಕ್ಷ್ಮೇಶ್ವರದ ಪೇಟೆಗಳು ಎರಡೂ ಸಮೀಪ. ಇಂಥ ಊರಿನಲ್ಲಾಗಲಿ ಸುತ್ತಣ ಪೇಟೆಗಳಲ್ಲಾಗಲಿ ಹತ್ತಿಯ ಮಳಿಗೆ, ಎಣ್ಣೆಯ ಗಿರಣಿ, ಉಗ್ರಾಣ ಇವುಗಳಲ್ಲಿ ಯಾವುದಾದರೂ ಬರಿದಾಗಿ ನಿಂತಿದ್ದರೆ, ಅದರೊಳಗೆ ಮಾಡಬಹುದಾದ ಉದ್ಯೋಗಗಳಿಗೆ ಬೇಕಾದ ಮಾಲು ಸುತ್ತಲಿನ ಹೊಲಗಳಲ್ಲಿಯೇ ಇದೆ.

ಮೊದಲನೆಯದು ಬ್ಯಾಡಗಿ ಮೆಣಸಿನಕಾಯಿ. ಖಾರವು ಕಡಿಮೆ, ಬಣ್ಣವು ಹೆಚ್ಚು ಎಂಬ ಗುಣದಿಂದ ಪ್ರಸಿದ್ಧವಾದ ಇದಕ್ಕೆ 2011ರಲ್ಲಿ ಭೌಗೋಲಿಕ ಸೂಚಕದ ನೋಂದಣಿ ದೊರೆತಿದೆ. ಆದರೆ ಒಣಗಿಸಿದ ಕಾಯನ್ನು ಚೀಲದಲ್ಲಿ ತುಂಬಿ ಪೇಟೆಗೆ ಒಯ್ಯುವ ರೈತನು ಆ ದಿನದ ಧಾರಣೆಗೆ ಕಟ್ಟುಬಿದ್ದವನು. 2024ರ ಮಾರ್ಚ್ 11ರಂದು ಬ್ಯಾಡಗಿಯ ಪೇಟೆಯಲ್ಲಿ ಧಾರಣೆಯು ಕುಸಿಯಲು, ರೊಚ್ಚಿಗೆದ್ದ ಬೆಳೆಗಾರರು ಮಾರುಕಟ್ಟೆ ಸಮಿತಿಯ ಕಛೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿ ಹಚ್ಚಿದ ಸಂಗತಿಯು ಎಲ್ಲರಿಗೂ ನೆನಪಿರಬಹುದು. ಬೆಂಕಿಯಿಂದ ಧಾರಣೆ ಏರಲಾರದು. ಮಾಲನ್ನು ಕೆಲವು ತಿಂಗಳು ತಡೆದಿಡುವ, ಮತ್ತು ಅದರ ಒಂದು ಭಾಗವನ್ನಾದರೂ ಪುಡಿಯಾಗಿ ಚಟ್ನಿಯಾಗಿ ಮಾರುವ ಶಕ್ತಿಯು ಬಂದರೆ ಮಾತ್ರ ರೈತನು ಒಂದೇ ದಿನದ ಧಾರಣೆಗೆ ತಲೆಬಾಗದೆ ನಿಲ್ಲಬಲ್ಲನು.

ಮೆಣಸಿನಕಾಯಿಯ ಹೊರತು ಹೆಸರು, ಕಡಲೆ, ಬಿಳಿಜೋಳ, ಕುಸುಬೆ, ಶೇಂಗಾ, ಉಳ್ಳಾಗಡ್ಡಿ ಇವೆ. ಕಟಕ ರೊಟ್ಟಿ, ಶೇಂಗಾ ಚಟ್ನಿ, ಅಗಸಿ-ಗುರೆಳ್ಳಿನ ಹಿಂಡಿ, ಶಾವಿಗೆ, ಹಪ್ಪಳ, ಸಂಡಿಗೆಗಳಲ್ಲಿ ಈ ಭಾಗದ ಹೆಣ್ಣುಮಕ್ಕಳ ಕೈಗುಣವನ್ನು ಯಾರೂ ಕಲಿಸಬೇಕಾಗಿಲ್ಲ. ಅವರಿಗೆ ಕೊರತೆಯಾದದ್ದು ಧೂಳಿಲ್ಲದ ಸ್ಥಳ, ಸರಿಯಾದ ಒಣಗಿಕೆ, ತೂಕ-ಕಟ್ಟುವಿಕೆಯ ಸಾಧನ ಹಾಗೂ ಪೇಟೆಯ ಪರಿಚಯ.

ಜಿನ್ನು ಕಲಿಸುವ ಪಾಠ

ಹಳೆಯ ಜಿನ್ನು ಏಕೆ ಬಿದ್ದಿತೆಂಬುದನ್ನು ತಿಳಿಯದೆ ಅದೇ ಸೂರಿನ ಕೆಳಗೆ ಹೊಸ ಯಂತ್ರವನ್ನು ತಂದಿಡುವದು ವ್ಯರ್ಥ. ಜಿನ್ನು ಒಂದೇ ಪೀಕನ್ನು ನಂಬಿತ್ತು. ವರ್ಷದಲ್ಲಿ ಕೆಲವೇ ತಿಂಗಳು ನಡೆದು, ಉಳಿದ ತಿಂಗಳು ಮಲಗುತ್ತಿತ್ತು. ಆ ಪೀಕು ಹೊಲ ಬಿಟ್ಟೊಡನೆ ಕಟ್ಟಡವೂ ನಿಂತಿತು. ಕೇವಲ ಖಾರದ ಪುಡಿಯ ಗಿರಣಿಯನ್ನು ಅಲ್ಲಿ ಹೂಡಿದರೆ ಅದಕ್ಕೂ ಅದೇ ಗತಿ.

ಉದಾಹರಣೆಗಾಗಿ ಒಂದು ಲೆಕ್ಕವನ್ನು ನೋಡಬಹುದು. ಬಾಡಿಗೆ, ಕಾವಲು, ವಿದ್ಯುತ್ತಿನ ನಿಶ್ಚಿತ ಆಕಾರ, ಸ್ವಚ್ಛತೆ ಇವೆಲ್ಲಕ್ಕೆ ತಿಂಗಳಿಗೆ 30,000 ರೂಪಾಯಿ ತಗಲುವದೆಂದು ಎಣಿಸಿದರೆ ವರ್ಷಕ್ಕೆ 3,60,000 ರೂಪಾಯಿ ಆಗುವದು. ನಾಲ್ಕೇ ತಿಂಗಳು ನಡೆಯುವ ಒಬ್ಬನೇ ಉದ್ಯೋಗಿಯು ಕೆಲಸದ ಪ್ರತಿ ತಿಂಗಳಿಗೆ 90,000 ರೂಪಾಯಿಯ ಭಾರವನ್ನು ಹೊರಬೇಕು. ಅದೇ ಸೂರಿನ ಕೆಳಗೆ ಆರು ಜನ ವರ್ಷವಿಡೀ ಕೆಲಸ ಮಾಡಿದರೆ ತಲೆಗೆ ತಿಂಗಳಿಗೆ 5,000 ರೂಪಾಯಿ ಮಾತ್ರ. ಹಲವು ಸಣ್ಣ ಉದ್ಯೋಗಗಳು ಒಂದೆಡೆ ಕೂಡುವದರ ಲಾಭವೆಲ್ಲ ಈ ಲೆಕ್ಕದಲ್ಲಿಯೇ ಇದೆ.

ಈ ಭಾಗದ ಪೀಕುಗಳು ವರ್ಷದ ಎಲ್ಲ ಋತುಗಳಲ್ಲಿ ಹಂಚಿಹೋಗಿರುವದು ಒಂದು ಸುದೈವ. ಆಗಸ್ಟ್-ಸಪ್ಟಂಬರದಲ್ಲಿ ಹೆಸರು ಬರುವದು. ಬೇಳೆ ಮಾಡುವ ಕೆಲಸ ಆಗ. ಅಕ್ಟೋಬರ-ನವಂಬರದಲ್ಲಿ ಶೇಂಗಾ ಮತ್ತು ಉಳ್ಳಾಗಡ್ಡಿ. ಡಿಸೆಂಬರದಿಂದ ಮಾರ್ಚಿನ ವರೆಗೆ ಮೆಣಸಿನಕಾಯಿ. ಜನೇವರಿಯಿಂದ ಮಾರ್ಚಿನ ಒಳಗಾಗಿ ಕಡಲೆ, ಕುಸುಬೆ, ಬಿಳಿಜೋಳ. ಏಪ್ರಿಲ್-ಮೇ ತಿಂಗಳ ಬಿಸಿಲು ಶಾವಿಗೆ, ಹಪ್ಪಳ, ಸಂಡಿಗೆಗಳಿಗೆ ಮೀಸಲು. ಮಳೆಗಾಲದ ಮೊದಲ ಎರಡು ತಿಂಗಳು ಕೂಡಿಟ್ಟ ಮಾಲಿನಿಂದ ರೊಟ್ಟಿ, ಚಟ್ನಿ, ಗಾಣದ ಎಣ್ಣೆಗಳ ಕೆಲಸವು ನಡೆಯಬಲ್ಲದು. ಈ ಕ್ರಮವನ್ನು ಕಾಗದದ ಮೇಲೆ ಬರೆದು, ಯಾವ ತಿಂಗಳು ಖಾಲಿ ಉಳಿಯುವದೆಂಬುದನ್ನು ಕಂಡುಕೊಂಡ ಮೇಲೆಯೇ ಯಂತ್ರಗಳನ್ನು ಕೊಳ್ಳತಕ್ಕದ್ದು.

ಕಟ್ಟಡದ ಪರೀಕ್ಷೆ

ಎತ್ತರವಾದ ಮಾಳಿಗೆ, ದಪ್ಪ ಗೋಡೆ, ಬಂಡಿ ಹೊಗುವಂಥ ಬಾಗಿಲು, ವಿಶಾಲವಾದ ಅಂಗಳ, ರಸ್ತೆಯ ಸಾಮೀಪ್ಯ, ಬಾವಿ, ವಿದ್ಯುತ್ತಿನ ಸಂಪರ್ಕ, ಇವು ಹಳೆಯ ಕಾರಖಾನೆಯ ಗುಣಗಳು. ದೋಷಗಳೂ ಅಷ್ಟೇ ಇವೆ. ಆಹಾರವನ್ನು ಒಳಗೆ ತರುವ ಮೊದಲು ಕೆಳಗಿನ ಸಂಗತಿಗಳನ್ನು ತಪ್ಪದೆ ನೋಡಬೇಕು.

1. ಒಡೆತನ: ಉತಾರದಲ್ಲಿ ಯಾರ ಹೆಸರಿದೆ, ವಾರಸದಾರರೆಲ್ಲರ ಸಮ್ಮತಿ ಇದೆಯೇ, ಬ್ಯಾಂಕಿನ ಒತ್ತೆ, ವಿದ್ಯುತ್ತಿನ ಹಳೆಯ ಬಾಕಿಗಳಿವೆಯೇ ಎಂಬುದನ್ನು ವಿಚಾರಿಸಬೇಕು. ಒಂದು ವರ್ಷಕ್ಕೆ ಮೀರಿದ ಬಾಡಿಗೆಯ ಕರಾರನ್ನು ಕಾಯಿದೆಯ ಪ್ರಕಾರ ನೋಂದಾಯಿಸಲೇಬೇಕು. ಬಾಯಿಮಾತಿನ ಕರಾರಿನ ಮೇಲೆ ಲಕ್ಷಗಟ್ಟಲೆ ಹಣ ಹಾಕುವದು ಅವಿವೇಕ.

2. ಭದ್ರತೆ: ಗೋಡೆ, ತೊಲೆ, ಅಡಿಪಾಯಗಳನ್ನು ಇಂಜಿನಿಯರರಿಂದ ಪರೀಕ್ಷಿಸಬೇಕು. ವಿದ್ಯುತ್ತಿನ ಹಳೆಯ ತಂತಿಯನ್ನು ಪೂರ್ತಿಯಾಗಿ ತೆಗೆದು ಹೊಸದನ್ನು ಎಳೆಯಿಸಬೇಕು.

3. ಅರಳೆಯ ಧೂಳು: ತೊಲೆಗಳ ಮೇಲೆಯೂ ಸಂದುಗಳಲ್ಲಿಯೂ ಕೂತ ಅರಳೆಯ ನವಿರು ಆಹಾರಕ್ಕೆ ಬೀಳುವದಲ್ಲದೆ ಒಂದು ಕಿಡಿಗೆ ಹೊತ್ತಿಕೊಳ್ಳುವದು. ಇದನ್ನು ಮೇಲಿನಿಂದ ಕೆಳಕ್ಕೆ, ಕಸ ಹೀರುವ ಯಂತ್ರದಿಂದ ತೆಗೆಸಿ, ಅನಂತರ ಸುಣ್ಣ ಬಳಿಯಬೇಕು.

4. ಆಸ್ಬೆಸ್ಟಾಸ್ ತಗಡು: ಚಾವಣಿಗೆ ಸಿಮೆಂಟಿನ ಆಸ್ಬೆಸ್ಟಾಸ್ ತಗಡು ಇದ್ದರೆ ಅದನ್ನು ಒಡೆಯುವದು, ಕೊಯ್ಯುವದು, ಉಜ್ಜುವದು ಸರ್ವಥಾ ಕೂಡದು. ಅದರ ಧೂಳು ಶ್ವಾಸಕೋಶಕ್ಕೆ ಮಾರಕ. ಬಲ್ಲವರಿಂದ ನೆನೆಸಿ ಇಳಿಸಬೇಕು.

5. ನೆಲ: ಯಂತ್ರದ ಎಣ್ಣೆ ಹೀರಿದ ನೆಲವನ್ನೂ, ಹಿಂದೆ ಕ್ರಿಮಿನಾಶಕ-ಗೊಬ್ಬರಗಳನ್ನು ಇಟ್ಟ ಮೂಲೆಯನ್ನೂ ಅಗೆದು ತೆಗೆದು ಹೊಸ ಹಾಸು ಹಾಕಬೇಕು. ಕ್ರಿಮಿನಾಶಕದ ಉಗ್ರಾಣವಾಗಿದ್ದ ಕೋಣೆಯನ್ನು ಆಹಾರಕ್ಕೆ ಬಳಸದಿರುವದೇ ಲೇಸು.

6. ಇಲಿ, ಪಾರಿವಾಳ: ಕಿಡಕಿಗಳಿಗೆ ಜಾಳಿಗೆ, ಬಾಗಿಲ ತಳಕ್ಕೆ ತಗಡು ಕಡ್ಡಾಯ.

ಒಳಗಿನ ವ್ಯವಸ್ಥೆ

ಮಾಲು ಒಂದು ಬಾಗಿಲಿನಿಂದ ಬಂದು ಇನ್ನೊಂದರಿಂದ ಹೋಗುವಂತಿರಬೇಕು. ಮೆಣಸಿನಕಾಯಿ ಕುಟ್ಟುವ ಕೋಣೆಯನ್ನು ಗಾಳಿ ಹೊರಟುಹೋಗುವ ದಿಕ್ಕಿಗೆ ಬೇರೆಯಾಗಿಯೇ ಕಟ್ಟಬೇಕು. ಇಲ್ಲದಿದ್ದರೆ ಪಕ್ಕದಲ್ಲಿ ರೊಟ್ಟಿ ಬಡಿಯುವವರು ಒಂದು ದಿನವೂ ನಿಲ್ಲಲಾರರು. ನೀರಿನ ಕೆಲಸವನ್ನು ಒಣ ಮಾಲಿನಿಂದ ದೂರವಿಡಬೇಕು.

ಒಣಗಿಕೆಯೇ ಎಲ್ಲದರ ಬುಡ. ರಸ್ತೆಯ ಮೇಲೆ ಹರವಿದ ಕಾಯಿಗೆ ಧೂಳೂ ದನದ ಗಂಜಲವೂ ತಗಲುವವು. ಇಬ್ಬನಿ ಹೀರಿದರೆ ಬೂಷ್ಟು ಹಿಡಿದು ಅಫ್ಲಾಟಾಕ್ಸಿನ್ ಎಂಬ ವಿಷವು ಹುಟ್ಟುವದು. ಶೇಂಗಾಕ್ಕೂ ಈ ಭಯವೇ ದೊಡ್ಡದು. ಈ ವಿಷವು ಹುರಿದರೂ ಪೂರ್ತಿ ಹೋಗುವದಿಲ್ಲ. ಮೆಣಸಿನಕಾಯಿಯ ತೇವಾಂಶವು ಶೇಕಡಾ 11ಕ್ಕೆ ಮೀರಕೂಡದು. ಶೇಂಗಾದಲ್ಲಿ ಶೇಕಡಾ 8ರ ಒಳಗಿರಬೇಕು. ತೇವಾಂಶ ಅಳೆಯುವ ಸಣ್ಣ ಯಂತ್ರವೊಂದನ್ನು ಎಲ್ಲರಿಗೂ ಸಾಮಾನ್ಯವಾಗಿ ಇಡುವದು ಮೊದಲ ಖರ್ಚಾಗಬೇಕು. ಹಳೆಯ ಕಾರಖಾನೆಯ ಅಂಗಳಕ್ಕೆ ಗಚ್ಚು ಹಾಕಿ, ಅದರ ಒಂದು ಭಾಗಕ್ಕೆ ಸೌರ ಒಣಗಿಕೆಯ ಚಪ್ಪರ ಕಟ್ಟಿದರೆ ಆ ಅಂಗಳವು ಎಲ್ಲ ಉದ್ಯೋಗಗಳ ಸೊತ್ತಾಗುವದು.

ಒಬ್ಬನ ಶೇಷವು ಇನ್ನೊಬ್ಬನಿಗೆ ಮಾಲಾಗಬಹುದು. ಗಾಣದ ಹಿಂಡಿಯೂ ಬೇಳೆಯ ಹೊಟ್ಟೂ ನುಚ್ಚೂ ದನಗಳಿಗೆ ಹೋಗುವವು. ಕಾಯಿಯ ತೊಟ್ಟು, ಉಳ್ಳಾಗಡ್ಡಿಯ ಸಿಪ್ಪೆಗಳು ಗೊಬ್ಬರದ ತಿಪ್ಪೆಗೆ. ಅಮೇರಿಕೆಯ ಶಿಕಾಗೋ ಪಟ್ಟಣದಲ್ಲಿ ನಿಂತುಹೋಗಿದ್ದ ಮಾಂಸ ಸಂಸ್ಕರಣದ ಕಾರಖಾನೆಯೊಂದನ್ನು 2010ರಲ್ಲಿ ಕೊಂಡು, ‘ದಿ ಪ್ಲಾಂಟ್’ ಎಂಬ ಹೆಸರಿನಿಂದ ಸಣ್ಣ ಆಹಾರೋದ್ಯೋಗಗಳಿಗೆ ಹಂಚಿಕೊಟ್ಟವರು ಈ ತತ್ವವನ್ನೇ ಮುಂದಿಟ್ಟುಕೊಂಡರು. ಕೆಡವಬೇಕಾಗಿದ್ದ ಕಟ್ಟಡವನ್ನು ಅವರು ಒಮ್ಮೆಲೇ ತುಂಬದೆ, ಕೋಣೆಕೋಣೆಯಾಗಿ ಸಿದ್ಧಪಡಿಸಿ ಬಾಡಿಗೆಗೆ ಕೊಟ್ಟರು. ಇಲ್ಲಿಯವರು ಅನುಸರಿಸತಕ್ಕ ಪದ್ಧತಿಯೂ ಇದೇ.

ಸಂಘ ಹಾಗೂ ಸಹಾಯಧನ

ಒಗ್ಗಟ್ಟಿನ ವಿಷಯದಲ್ಲಿ ಗದಗ ಸೀಮೆಗೆ ಹೊರಗಿನವರ ಉಪದೇಶ ಬೇಕಾಗಿಲ್ಲ. 1905ರಲ್ಲಿ ಕಣಗಿನಹಾಳದ ಶ್ರೀ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸ್ಥಾಪಿಸಿದ ಕೃಷಿ ಸಹಕಾರೀ ಪತ್ತಿನ ಸಂಘವು ದೇಶದಲ್ಲಿಯೇ ಮೊದಲನೆಯದೆಂದು ಹೆಸರಾಗಿದೆ. ಊರ ಗೌಡರೊಬ್ಬರು ಮುಂದೆ ಬಂದುದರಿಂದಲೇ ಆ ಕಾರ್ಯವು ಸಾಧ್ಯವಾಯಿತು. 1915ರಲ್ಲಿ ಹುಬ್ಬಳ್ಳಿಯಲ್ಲಿ ಹತ್ತಿ ಮಾರಾಟದ ಸಹಕಾರೀ ಸಂಘವು ಹುಟ್ಟಿತು. ತರುವಾಯ ಗದಗಿನಲ್ಲಿಯೂ ಅಂಥದೇ ಸಂಘವಾಯಿತು. ಕಟ್ಟಡವು ಮಾಲಿಕನದಾಗಿ, ಸಾಮಾನ್ಯ ಯಂತ್ರಗಳು ಸಂಘದವಾಗಿ, ಉದ್ಯೋಗಗಳು ಆಯಾ ಕುಟುಂಬದವಾಗಿ ಉಳಿಯುವದು ಉತ್ತಮ ವ್ಯವಸ್ಥೆ. ಯಂತ್ರದ ಬಳಕೆಗೆ ತಾಸಿನ ಲೆಕ್ಕದ ದರವನ್ನು ಗೋಡೆಯ ಮೇಲೆ ಬರೆದಿಡಬೇಕು. ಗೌಡರ ಮನೆಯವರಿಗೂ ಬಡ ಹೆಣ್ಣುಮಗಳಿಗೂ ದರವು ಒಂದೇ ಆಗಿರಬೇಕು. ಈ ಒಂದು ನಿಯಮವು ತಪ್ಪಿದಲ್ಲಿ ಸಂಘವು ಉಳಿಯಲಾರದು.

ಕೇಂದ್ರ ಸರಕಾರವು 2020ರಲ್ಲಿ ಕಿರು ಆಹಾರ ಸಂಸ್ಕರಣಾ ಉದ್ಯಮಗಳಿಗಾಗಿ ಪ್ರಧಾನಮಂತ್ರಿಯವರ ಹೆಸರಿನ ಯೋಜನೆಯೊಂದನ್ನು ಆರಂಭಿಸಿತು. ಗದಗ ಜಿಲ್ಲೆಗೆ ಅದರಲ್ಲಿ ಆರಿಸಲಾದ ಮಾಲು ಬ್ಯಾಡಗಿ ಮೆಣಸಿನಕಾಯಿಯೇ. ಒಬ್ಬೊಬ್ಬರ ಘಟಕಕ್ಕೆ ವೆಚ್ಚದ ಶೇಕಡಾ 35ರಷ್ಟು, 10 ಲಕ್ಷ ರೂಪಾಯಿ ಮಿತಿಯ ಸಹಾಯಧನವನ್ನು ಅದರಲ್ಲಿ ಗೊತ್ತುಪಡಿಸಲಾಯಿತು. ಕರ್ನಾಟಕ ಸರಕಾರವು ಶೇಕಡಾ 15ನ್ನು ಕೂಡಿಸಿ ಮಿತಿಯನ್ನು 15 ಲಕ್ಷಕ್ಕೆ ಏರಿಸಿತು. ಸ್ವಸಹಾಯ ಸಂಘದ ಸದಸ್ಯರಿಗೆ ತಲಾ 40,000 ರೂಪಾಯಿ ಬೀಜಧನವಿತ್ತು. ನೆಲದ ಬೆಲೆಯನ್ನು ವೆಚ್ಚದಲ್ಲಿ ಹಿಡಿಯುವದಿಲ್ಲ; ಸಿದ್ಧ ಕಟ್ಟಡದ ಬಾಡಿಗೆಯನ್ನು ಮಾತ್ರ ಮೂರು ವರ್ಷಗಳ ಮಿತಿಗೆ ಒಳಪಟ್ಟು ಹಿಡಿಯಬಹುದೆಂಬ ನಿಯಮವು ಹಳೆಯ ಕಟ್ಟಡದವರಿಗೆ ವಿಶೇಷ ಅನುಕೂಲದ್ದು. ಸಹಾಯಧನವು ಬ್ಯಾಂಕಿನ ಸಾಲದೊಡನೆ ಕೂಡಿದ್ದೆಂಬುದನ್ನು ಮರೆಯಬಾರದು. ನಿಯಮಗಳೂ ಅವಧಿಯೂ ಬದಲಾಗುತ್ತಿರುವದರಿಂದ, ಅರ್ಜಿ ಬರೆಯುವ ಮುನ್ನ ಜಿಲ್ಲಾ ಕೃಷಿ ಇಲಾಖೆಯ ಕಛೇರಿಯಲ್ಲಿ ವಿಚಾರಿಸತಕ್ಕದ್ದು. ತರಬೇತಿಯ ವಿಷಯಕ್ಕೆ ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರವು ಸಮೀಪದಲ್ಲಿದೆ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟದ ಕಾಯಿದೆಯ ಪ್ರಕಾರ ಪ್ರತಿಯೊಂದು ಉದ್ಯೋಗಕ್ಕೂ ನೋಂದಣಿ ಅಥವಾ ಪರವಾನಿಗೆ ಬೇಕು.

ಮೊದಲು ಮಾಡತಕ್ಕದ್ದು

ಇದೆಲ್ಲಕ್ಕೂ ದೊಡ್ಡ ಬಂಡವಾಳವನ್ನು ಕಾಯಬೇಕಾಗಿಲ್ಲ. ಊರಿನ ಪ್ರಮುಖರು ಮುಂದಿನ ಸುಗ್ಗಿಗೆ ಮೊದಲು ಬರಿದಾದ ಕಟ್ಟಡಗಳ ಯಾದಿಯನ್ನು ಬರೆಯಿಸಲಿ. ಮಾಲಿಕರನ್ನು ಕರೆದು ಮಾತನಾಡಲಿ. ಈಗಾಗಲೇ ಮನೆಯಲ್ಲಿ ರೊಟ್ಟಿ, ಚಟ್ನಿ, ಖಾರದ ಪುಡಿ ಮಾಡಿ ಮಾರುತ್ತಿರುವವರು ಎಷ್ಟು ಮಂದಿ ಎಂಬುದನ್ನು ಎಣಿಸಲಿ. ಐದಾರು ಮಂದಿ ಬಾಡಿಗೆ ಕೊಡಲು ಸಿದ್ಧರಾದರೆ ಎರಡು ಕೋಣೆಗಳನ್ನೂ ಅಂಗಳವನ್ನೂ ಶುಚಿಗೊಳಿಸಿ ಒಂದು ವರ್ಷ ನಡೆಯಿಸಿ ನೋಡಲಿ. ಅಷ್ಟು ಮಂದಿ ಸಿಗದಿದ್ದರೆ ಕಟ್ಟಡವನ್ನು ಮುಟ್ಟದಿರುವದೇ ಸರಿ. ಸಿಕ್ಕರೆ, ಗೋಡೆಯನ್ನು ಕೆಡವುವ ಕರಾರಿಗೆ ಸಹಿ ಹಾಕುವ ಮುನ್ನ ಮಾಲಿಕನು ಒಂದು ವರ್ಷ ತಾಳುವದರಿಂದ ಅವನಿಗೆ ನಷ್ಟವೇನೂ ಇಲ್ಲ, ಊರಿಗೆ ಲಾಭವುಂಟು.