ಗುಬ್ಬಿ: ಕೆರೆ, ಕಂಬಿ ಮತ್ತು ಕಾಲುವೆ

ತುಮಕೂರಿನಿಂದ ಪಶ್ಚಿಮಕ್ಕೆ ಸುಮಾರು 20 ಕಿಲೋಮೀಟರ್ ದೂರದಲ್ಲಿರುವ ಗುಬ್ಬಿಯು ಹೆಸರಿನಲ್ಲಿ ಕಿರಿದಾದರೂ ಕೀರ್ತಿಯಲ್ಲಿ ಹಿರಿದಾದ ಊರು. ಕೋಟೆಕೊತ್ತಲಗಳ ವೈಭವವಾಗಲಿ, ರಾಜಧಾನಿಯೆಂಬ ಗೌರವವಾಗಲಿ ಇದಕ್ಕೆ ದೊರೆತುದಿಲ್ಲ. ಕೆರೆಯ ನೀರು, ರೈಲಿನ ಕಂಬಿ, ಕಾಲುವೆಯ ಹರಿವು ಎಂಬ ಮೂರರಿಂದಲೇ ಇದರ ಚರಿತ್ರೆ ರೂಪುಗೊಂಡಿದೆ.

ದೇವರಾಯನದುರ್ಗದ ಬೆಟ್ಟಸಾಲಿನಲ್ಲಿ ಹುಟ್ಟುವ ಶಿಂಷಾ ನದಿಯು ಈ ತಾಲ್ಲೂಕಿನ ಜೀವನಾಡಿ. ಅದಕ್ಕೆ ಅಡ್ಡಲಾಗಿ ಕಟ್ಟಿದ ಕಡಬದ ಹಿರಿಯ ಕೆರೆಯನ್ನು, ಲಂಕೆಯಿಂದ ಮರಳುವಾಗ ಸೀತೆಯ ಇಚ್ಛೆಯಂತೆ ಶ್ರೀರಾಮನೇ ಕಟ್ಟಿಸಿದನೆಂದು ಜನ ನಂಬಿದ್ದಾರೆ. ಇಂತಹ ಕೆರೆಗಳ ಆಶ್ರಯದಲ್ಲಿ ಅಡಕೆ ತೆಂಗುಗಳ ತೋಟಗಳು ಬೆಳೆದವು. ತೋಟಗಳಿಂದ ಸಂತೆ ಬೆಳೆಯಿತು. 1800ರಲ್ಲಿ ಮೈಸೂರು ಸೀಮೆಯನ್ನು ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ಬ್ರಿಟಿಷ್ ಅಧಿಕಾರಿಯು ಗುಬ್ಬಿಯ ವ್ಯಾಪಾರವನ್ನು ತನ್ನ ಪ್ರವಾಸ ಗ್ರಂಥದಲ್ಲಿ ವರ್ಣಿಸಿದ್ದಾನೆ. ಅಡಕೆ, ಕೊಬ್ಬರಿ, ಬಟ್ಟೆ, ಕಂಬಳಿಗಳು ಹೇರೆತ್ತುಗಳ ಬೆನ್ನೇರಿ ಇಲ್ಲಿಂದ ದೂರದೇಶಗಳಿಗೆ ಹೋಗುತ್ತಿದ್ದವು.

ಸಂತೆಯ ಊರು ಸರಸ್ವತಿಗೂ ನೆಲೆಯಾಯಿತು. ‘ಭಾವಚಿಂತಾರತ್ನ’ವನ್ನೂ ‘ವೀರಶೈವಾಮೃತ ಮಹಾಪುರಾಣ’ವನ್ನೂ ರಚಿಸಿದ ಹದಿನಾರನೆಯ ಶತಮಾನದ ಕವಿ ಮಲ್ಲಣಾರ್ಯನು ಗುಬ್ಬಿಯ ಹೆಸರಿನಿಂದಲೇ ಪ್ರಸಿದ್ಧನಾಗಿದ್ದಾನೆ.

ಬೆಂಗಳೂರು–ತುಮಕೂರು ರೈಲುಮಾರ್ಗವು 1884ರಲ್ಲಿ ತೆರೆಯಿತು. ಅದು ಗುಬ್ಬಿ, ತಿಪಟೂರು, ಅರಸೀಕೆರೆಗಳ ಮೂಲಕ ಮುಂದುವರಿದು 1889ರಲ್ಲಿ ಹರಿಹರವನ್ನು ಮುಟ್ಟಿತು. ಆ 1884ರಲ್ಲಿಯೇ ಗುಬ್ಬಿಯಲ್ಲಿ, ಊರ ದೈವವಾದ ಚನ್ನಬಸವೇಶ್ವರನ ಹೆಸರಿನಲ್ಲಿ ನಾಟಕ ಸಂಘವೊಂದು ಹುಟ್ಟಿದುದು ಆಕಸ್ಮಿಕವಾದರೂ ಅರ್ಥಪೂರ್ಣ. ಊರಿಂದೂರಿಗೆ ಬಿಡಾರ ಹೂಡುವ ನಾಟಕದವರಿಗೆ ಪರದೆ, ಪೆಟ್ಟಿಗೆ, ಪರಿವಾರಗಳನ್ನು ಸಾಗಿಸಲು ರೈಲು ಮಹದುಪಕಾರವನ್ನು ಮಾಡಿತು. ಬಾಲನಟನಾಗಿ ಸಂಘವನ್ನು ಸೇರಿ ಮುಂದೆ ಅದರ ಒಡೆಯರಾದ ಗುಬ್ಬಿ ವೀರಣ್ಣನವರು ತಮ್ಮ ಊರಿನ ಹೆಸರನ್ನು ಕನ್ನಡ ನಾಡಿನ ಮನೆಮಾತಾಗಿಸಿದರು. ರಾಜಕುಮಾರ್, ಜಿ. ವಿ. ಅಯ್ಯರ್, ಬಿ. ವಿ. ಕಾರಂತರು ಆ ಗರಡಿಯಲ್ಲಿ ಪಳಗಿದವರು. 1972ರಲ್ಲಿ ಪದ್ಮಶ್ರೀ ಗೌರವಕ್ಕೆ ಪಾತ್ರರಾದ ವೀರಣ್ಣನವರು ಅದೇ ವರ್ಷ ದಿವಂಗತರಾದರು.

ಮೂರನೆಯದು ಕಾಲುವೆ. ಹಾಸನ ಜಿಲ್ಲೆಯ ಗೊರೂರಿನಲ್ಲಿ 1979ರಲ್ಲಿ ಪೂರ್ಣಗೊಂಡ ಅಣೆಕಟ್ಟಿನಿಂದ ಹೇಮಾವತಿಯ ನೀರು ಬಾಗೂರು–ನವಿಲೆಯ ಸುರಂಗವನ್ನು ಹಾದು ತುಮಕೂರು ಶಾಖಾ ಕಾಲುವೆಗೆ ಇಳಿಯಿತು. ಬತ್ತುತ್ತಿದ್ದ ಕೆರೆಗಳಿಗೆ ಅದು ಮರುಜೀವವನ್ನಿತ್ತಿತು. ತುಮಕೂರು ನಗರದ ಬಾಯಾರಿಕೆಯನ್ನೂ ತಣಿಸಿತು.

ಆದರೆ ನೀರು ಬಂದೆಡೆ ಪಾಲಿನ ಪ್ರಶ್ನೆಯೂ ಬಂದಿತು. ಕಾಲುವೆಯ ಕಡೆಯಂಚಿನಲ್ಲಿರುವ ಕುಣಿಗಲ್ಲಿನವರದು, ತಮ್ಮ ಪಾಲಿನ ನೀರು ತಮ್ಮನ್ನು ಮುಟ್ಟುತ್ತಿಲ್ಲವೆಂಬ ಅಳಲು. ಕುಣಿಗಲ್ಲಿಗೆ ನೇರವಾಗಿ ಕೊಳವೆಯಲ್ಲಿ ನೀರೊಯ್ಯುವ ಸಂಪರ್ಕ ಕಾಲುವೆಯಿಂದ ತಮ್ಮ ಕೆರೆಗಳು ಬರಿದಾದಾವೆಂಬುದು ಗುಬ್ಬಿಯ ರೈತರ ಭೀತಿ. 2024 ಮತ್ತು 2025ರಲ್ಲಿ ಗುಬ್ಬಿಯ ಸೀಮೆಯಲ್ಲಿ ನಡೆದ ಪ್ರತಿಭಟನೆಗಳಿಗೆ ಇದೇ ಕಾರಣ. ಇಬ್ಬರದೂ ಒಂದೇ ಬಾಯಾರಿಕೆ. ಒಬ್ಬರ ನೋವು ಸತ್ಯವೆಂದರೆ ಇನ್ನೊಬ್ಬರದು ಮಿಥ್ಯೆಯಾಗದು.

ನಮ್ಮ ಹಿರಿಯರ ಕೆರೆಗಳಲ್ಲಿ ಇದಕ್ಕೆ ಪಾಠವಿದೆ. ಏರಿಯು ನೀರನ್ನು ಹಿಡಿಯುತ್ತದೆ. ತೂಬು ಅದನ್ನು ಗದ್ದೆಗೆ ಕೊಡುತ್ತದೆ. ಕೋಡಿಯು ಹೆಚ್ಚಾದುದನ್ನು ಕೆಳಗಿನ ಕೆರೆಗೆ ಕಳುಹಿಸುತ್ತದೆ. ತೂಬನ್ನು ತೆರೆದು ಮುಚ್ಚುವ ಹೊಣೆ ನೀರಗಂಟಿಯದು. ಅವನು ಅಚ್ಚುಕಟ್ಟಿನ ಎಲ್ಲರ ಕಣ್ಣೆದುರಿಗೆ, ಸರದಿ ತಪ್ಪದಂತೆ ನೀರು ತಿರುಗಿಸುತ್ತಿದ್ದನು. ಅಳತೆಯು ಕಣ್ಣಿಗೆ ಕಾಣುತ್ತಿದ್ದುದರಿಂದಲೇ ಅಲ್ಲಿ ನಂಬಿಕೆ ಉಳಿಯುತ್ತಿತ್ತು. ಕಾಲುವೆಯ ಬಾಗಿಲಾದರೋ ಬಹುದೂರದಲ್ಲಿದೆ. ಅದರ ಲೆಕ್ಕ ರೈತನಿಗೆ ಕಾಣದು. ಎರಡು ತಾಲ್ಲೂಕುಗಳೂ ಒಪ್ಪಿ ನಂಬುವ ನೀರಗಂಟಿಯೊಬ್ಬನು ಇಂದಿನ ಕಾಲುವೆಗೂ ಬೇಕಾಗಿದ್ದಾನೆ.

ಬಂದುದನ್ನು ಬರಮಾಡಿಕೊಂಡು, ತನ್ನದನ್ನು ನಾಡಿಗೆ ಹಂಚಿ ಗುಬ್ಬಿಯು ದೊಡ್ಡದಾಯಿತು. ಅಡಕೆಯನ್ನು ಹಂಚಿತು, ನಾಟಕವನ್ನು ಹಂಚಿತು. ನೀರಿನ ಹಂಚಿಕೆಯಲ್ಲಿಯೂ ಆ ಹಿರಿಮೆ ಉಳಿಯಬೇಕಾದರೆ ಕೊಡುವವನಿಗೂ ಪಡೆಯುವವನಿಗೂ ಅಳತೆಯು ಕಾಣುವಂತಿರಬೇಕು.