ಬಿಟ್‌ಕಾಯಿನ್‌ನ ಕೀ ಯಾರ ಕೈಯಲ್ಲಿದೆ? ಕಾನೂನು ಮಾಡುವವರು ಕೇಳಬೇಕಾದ ಪ್ರಶ್ನೆ

ಶಿವಮೊಗ್ಗದ ನವುಲೆಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದುವ ಹುಡುಗನೊಬ್ಬ ಫೋನಿನ ಆ್ಯಪ್‌ನಲ್ಲಿ ಒಂದು ಲಕ್ಷ ರೂಪಾಯಿಗೆ ಬಿಟ್‌ಕಾಯಿನ್ ಕೊಂಡು, ಬೆಲೆ ಏರಿದಾಗ 1,20,000ಕ್ಕೆ ಮಾರಿದ ಎಂದಿಟ್ಟುಕೊಳ್ಳಿ. ಲಾಭ 20,000. ಅದಕ್ಕೆ 30% ತೆರಿಗೆ, ಮೇಲೆ ಸೆಸ್, ಒಟ್ಟು 6,240 ರೂಪಾಯಿ. ಮಾರಿದ ಮೊತ್ತದ 1%, ಅಂದರೆ 1,200 ರೂಪಾಯಿ, ಮೊದಲೇ ಟಿಡಿಎಸ್ ಆಗಿ ಹೋಗಿರುತ್ತದೆ. ರಿಟರ್ನ್ಸ್ ಸಲ್ಲಿಸುವಾಗ ಅದನ್ನು ತೆರಿಗೆಗೆ ಹೊಂದಿಸಿಕೊಳ್ಳಬಹುದು. ಅದೇ ವರ್ಷ ಇನ್ನೊಂದು ಕಾಯಿನ್‌ನಲ್ಲಿ ಅವನು 20,000 ಕಳೆದುಕೊಂಡಿದ್ದರೂ ಆ ನಷ್ಟವನ್ನು ಈ ಲಾಭದಲ್ಲಿ ಕಳೆಯುವಂತಿಲ್ಲ. ಬೇರೆ ಆದಾಯವೇ ಇಲ್ಲದ ವಿದ್ಯಾರ್ಥಿ ಎಂಬ ರಿಯಾಯಿತಿಯೂ ಇಲ್ಲ.

ಈ ವ್ಯವಸ್ಥೆ ಬಂದದ್ದು 2022ರ ಫೆಬ್ರುವರಿ 1ರ ಬಜೆಟ್‌ನಲ್ಲಿ. ಮಂಡಿಸಿದವರು ಕರ್ನಾಟಕದಿಂದ ರಾಜ್ಯಸಭೆಗೆ ಹೋದ ನಿರ್ಮಲಾ ಸೀತಾರಾಮನ್. ರಾಜಕಾರಣಿಗಳಿಗೆ ಕ್ರಿಪ್ಟೋ ಅರ್ಥವಾಗುವುದಿಲ್ಲ ಎಂದು ಸಾರಾಸಗಟಾಗಿ ಹೇಳುವವರು ಈ ತೆರಿಗೆಯನ್ನು ಗಮನಿಸಬೇಕು. ಕಾಯಿನ್ ಯಾವ ದೇಶ ಸುತ್ತಿ ಬಂದರೂ ಕೊನೆಗೆ ರೂಪಾಯಿ ಆಗುವ ಜಾಗದಲ್ಲಿ ಒಂದು ಬ್ಯಾಂಕ್ ಖಾತೆ ಇರುತ್ತದೆ, ಒಂದು ಪ್ಯಾನ್ ನಂಬರ್ ಇರುತ್ತದೆ. ಸರ್ಕಾರ ಆ ಬಾಗಿಲಲ್ಲೇ ನಿಂತಿತು. 2023ರ ಮಾರ್ಚ್‌ನಲ್ಲಿ ಕ್ರಿಪ್ಟೋ ಕೊಳ್ಳುವ-ಮಾರುವ ವೇದಿಕೆಗಳಾದ ಎಕ್ಸ್‌ಚೇಂಜ್‌ಗಳನ್ನು ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯಡಿ ತಂದು, ಗ್ರಾಹಕರ ಗುರುತು ಪರಿಶೀಲಿಸಬೇಕು, ಅನುಮಾನದ ವ್ಯವಹಾರವನ್ನು ವರದಿ ಮಾಡಬೇಕು ಎಂದಿತು. ಇಷ್ಟು ತಿಳಿವಳಿಕೆಯಿಂದಲೇ ಆದ ಕೆಲಸ. ಆದರೆ ಕೊಂಡ ದಿನಕ್ಕೂ ಮಾರಿದ ದಿನಕ್ಕೂ ನಡುವೆ ಆ ಹುಡುಗನ ಕಾಯಿನ್ ಎಲ್ಲಿತ್ತು, ಯಾರ ವಶದಲ್ಲಿತ್ತು? ನಮ್ಮ ಕಾನೂನು ಅಲ್ಲಿಗೆ ಇನ್ನೂ ಹೋಗಿಲ್ಲ.

ಬಿಟ್‌ಕಾಯಿನ್ ಫೋನಿನೊಳಗೆ ಇರುವುದಿಲ್ಲ. ಜಗತ್ತಿನ ಸಾವಿರಾರು ಕಂಪ್ಯೂಟರ್‌ಗಳಲ್ಲಿ ಒಂದೇ ಲೆಕ್ಕದ ಪುಸ್ತಕದ ಪ್ರತಿಗಳಿವೆ. ಸುಮಾರು ಹತ್ತು ನಿಮಿಷಕ್ಕೊಮ್ಮೆ ಅದಕ್ಕೆ ಹೊಸ ಪುಟ ಸೇರುತ್ತದೆ. 2009ರ ಜನವರಿಯಿಂದ ಹೀಗೇ ನಡೆದಿದೆ. ಯಾವ ವಿಳಾಸದಿಂದ ಯಾವ ವಿಳಾಸಕ್ಕೆ ಎಷ್ಟು ಹೋಯಿತು ಎಂದು ಯಾರು ಬೇಕಾದರೂ ನೋಡಬಹುದು. ಆದರೆ ಒಂದು ವಿಳಾಸದಲ್ಲಿರುವ ಕಾಯಿನ್ ಕದಲಬೇಕಾದರೆ ಅದರ ಪ್ರೈವೇಟ್ ಕೀ ಬೇಕು. ಅದೊಂದು ಬಹಳ ದೊಡ್ಡ ಗುಪ್ತ ಸಂಖ್ಯೆ. ಅದು ತಿಳಿದವನೇ ಒಡೆಯ. ಕಳೆದುಹೋದರೆ ಕೊಡಿಸುವ ಮ್ಯಾನೇಜರ್ ಇಲ್ಲ. ಕೀ ಇಲ್ಲದ ಅಧಿಕಾರಿಗೆ ನ್ಯಾಯಾಲಯದ ಆದೇಶ ಕೈಯಲ್ಲಿದ್ದರೂ ಒಂದು ಪೈಸೆಯಷ್ಟೂ ಸರಿಸಲಾಗದು.

ಆ್ಯಪ್‌ನಲ್ಲಿ ಕೊಂಡವರಲ್ಲಿ ಹೆಚ್ಚಿನವರ ಬಳಿ ಈ ಕೀ ಇರುವುದಿಲ್ಲ. ಅದು ಎಕ್ಸ್‌ಚೇಂಜ್ ಕಂಪನಿಯ ಬಳಿ ಇರುತ್ತದೆ. ಅಡಿಕೆಯನ್ನು ಮಂಡಿಯಲ್ಲಿ ಬಿಟ್ಟು ಬಂದ ಬೆಳೆಗಾರನ ಕೈಯಲ್ಲಿ ಚೀಟಿ ಇರುತ್ತದೆ, ಚೀಲಗಳು ಮಂಡಿಯ ಗೋದಾಮಿನಲ್ಲಿರುತ್ತವೆ. ಪರದೆಯ ಮೇಲೆ ಕಾಣುವ ಅಂಕಿ ಆ ಚೀಟಿ.

ಈ ವ್ಯತ್ಯಾಸ ಗೊತ್ತಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಕರ್ನಾಟಕಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. 2020ರ ನವೆಂಬರ್‌ನಲ್ಲಿ ಬೆಂಗಳೂರಿನ ಸಿಸಿಬಿ ಪೊಲೀಸರು ಮಾದಕವಸ್ತು ಪ್ರಕರಣವೊಂದರ ಜಾಡು ಹಿಡಿದು ಯುವ ಹ್ಯಾಕರ್ ಒಬ್ಬನನ್ನು ಬಂಧಿಸಿದರು. 2019ರಲ್ಲಿ ರಾಜ್ಯದ ಇ-ಪ್ರೊಕ್ಯೂರ್‌ಮೆಂಟ್ ಪೋರ್ಟಲ್‌ಗೆ ನುಗ್ಗಿ, ಗುತ್ತಿಗೆದಾರರು ಕಟ್ಟಿದ್ದ ಇಎಂಡಿ (ಟೆಂಡರ್ ಠೇವಣಿ) ಹಣದಲ್ಲಿ ಸುಮಾರು 11.5 ಕೋಟಿ ರೂಪಾಯಿ ಲಪಟಾಯಿಸಿದ ಆರೋಪವೂ ಅವನ ಮೇಲೆ ಬಂತು. 2021ರ ಜನವರಿಯಲ್ಲಿ ಪೊಲೀಸರು 9 ಕೋಟಿ ಬೆಲೆಯ 31 ಬಿಟ್‌ಕಾಯಿನ್ ವಶಪಡಿಸಿಕೊಂಡೆವು ಎಂದರು. ಪಂಚನಾಮೆಯೂ ಆಯಿತು. ಆಮೇಲೆ ಆ ಕಾಯಿನ್‌ಗಳಿವೆ ಎಂದಿದ್ದ ವ್ಯಾಲೆಟ್, ಅಂದರೆ ಡಿಜಿಟಲ್ ಥೈಲಿ, ತೆರೆದರೆ 186 ಬಿಟ್‌ಕಾಯಿನ್ ಕಂಡವು. ಅದು ಆರೋಪಿಯದಲ್ಲ, ಎಕ್ಸ್‌ಚೇಂಜ್ ಒಂದರ ಚಾಲ್ತಿ ವ್ಯಾಲೆಟ್, ಆರೋಪಿಯ ಬಳಿ ಅದರ ಪ್ರೈವೇಟ್ ಕೀ ಇರಲಿಲ್ಲ ಎಂದು 2021ರ ನವೆಂಬರ್‌ನಲ್ಲಿ ಪೊಲೀಸರ ಪ್ರಕಟಣೆಯೇ ಹೇಳಿತು. ಪರದೆಯಲ್ಲಿ ಕಂಡದ್ದನ್ನು ವಶ ಎಂದು ಬರೆದುಕೊಂಡಿದ್ದರು. ಕಾಯಿನ್ ನಿಜವಾಗಿ ವಶವಾಗಬೇಕಾದರೆ ಇಲಾಖೆ ತನ್ನದೇ ಕೀ ಇರುವ ವ್ಯಾಲೆಟ್‌ಗೆ ಅದನ್ನು ವರ್ಗಾಯಿಸಬೇಕಿತ್ತು.

ಆ ಪ್ರಕಟಣೆ ಬಂದಾಗ ಗೃಹ ಸಚಿವರಾಗಿದ್ದವರು ನಮ್ಮ ಜಿಲ್ಲೆಯ ತೀರ್ಥಹಳ್ಳಿಯ ಆರಗ ಜ್ಞಾನೇಂದ್ರ, ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ. ವಿರೋಧ ಪಕ್ಷದಿಂದ ಸಿದ್ದರಾಮಯ್ಯ ಮತ್ತು ಪ್ರಿಯಾಂಕ್ ಖರ್ಗೆ ದಿನವೂ ಪ್ರಶ್ನೆ ಎಸೆದರು. ಯಾವ ನಾಯಕನಿಗೆ ಎಷ್ಟು ಸಿಕ್ಕಿತು ಎಂಬ ಜಗಳ ತಿಂಗಳುಗಟ್ಟಲೆ ನಡೆಯಿತು. ಸರ್ಕಾರ ಬದಲಾದ ಮೇಲೆ 2023ರಲ್ಲಿ ಎಸ್‌ಐಟಿ ರಚನೆಯಾಯಿತು. ಹಗರಣದ ಸತ್ಯ ಹೊರಬರಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ವಶಪಡಿಸಿಕೊಳ್ಳುವ ಕ್ರಮ ಏನಿರಬೇಕು ಎಂಬ ಪ್ರಶ್ನೆ ಎರಡೂ ಕಡೆಯ ಗದ್ದಲದಲ್ಲಿ ಮುಳುಗಿಹೋದದ್ದು ನನಗೆ ಇಂದಿಗೂ ನೋವಿನ ಸಂಗತಿ. ಮುಂದಿನ ಪ್ರಕರಣದಲ್ಲಿ ಜನರ ಹಣ ಉಳಿಯುವುದು ಆ ಕ್ರಮದಿಂದ.

ಕೇಂದ್ರದ ದಾರಿಯೂ ನೇರವಾಗಿರಲಿಲ್ಲ. 2018ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕ್ ಸುತ್ತೋಲೆ ಹೊರಡಿಸಿ, ಕ್ರಿಪ್ಟೋ ಕಂಪನಿಗಳಿಗೆ ಬ್ಯಾಂಕ್ ಸೇವೆ ಕೊಡಬಾರದೆಂದಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಮಾಲ್ ಒಂದರಲ್ಲಿ ಬಿಟ್‌ಕಾಯಿನ್ ಎಟಿಎಂ ಇಟ್ಟ ಕಂಪನಿಯ ಸಂಸ್ಥಾಪಕರು ಬಂಧನಕ್ಕೊಳಗಾದರು. ನಿಷೇಧಿಸುವ ಕಾಯ್ದೆ ಇರಲಿಲ್ಲ, ಅನುಮತಿಸುವ ಕಾಯ್ದೆಯೂ ಇರಲಿಲ್ಲ. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ಆ ಸುತ್ತೋಲೆಯನ್ನು ರದ್ದುಪಡಿಸಿತು. 2021ರಲ್ಲಿ ಕ್ರಿಪ್ಟೋ ಕುರಿತ ಮಸೂದೆಯೊಂದು ಸಂಸತ್ತಿನ ಕಾರ್ಯಸೂಚಿಯಲ್ಲಿ ಕಾಣಿಸಿಕೊಂಡಿತು, ಮಂಡನೆಯಾಗಲಿಲ್ಲ.

ಈ ಖಾಲಿ ಜಾಗದ ಬೆಲೆ 2024ರ ಜುಲೈ 18ರಂದು ಗೊತ್ತಾಯಿತು. ವಜೀರ್‌ಎಕ್ಸ್ ಎಂಬ ಎಕ್ಸ್‌ಚೇಂಜ್‌ನ ವ್ಯಾಲೆಟ್‌ನಿಂದ ಸುಮಾರು 23 ಕೋಟಿ ಡಾಲರ್ ಮೌಲ್ಯದ ಕಾಯಿನ್‌ಗಳು ಕಳುವಾದವು. ಗ್ರಾಹಕರ ಕಾಯಿನ್‌ಗಳು ಒಂದು ವರ್ಷಕ್ಕೂ ಹೆಚ್ಚು ಕಾಲ ಸಿಕ್ಕಿಹಾಕಿಕೊಂಡವು. ಎಷ್ಟು ಮರಳಿ ಸಿಗಬೇಕೆಂಬ ಯೋಜನೆಗೆ ಒಪ್ಪಿಗೆ ಕೊಟ್ಟದ್ದು ಸಿಂಗಪುರದ ಹೈಕೋರ್ಟ್. ಭಾರತದ ತೆರಿಗೆ ಕಟ್ಟಿದ ಜನ ಪರಿಹಾರಕ್ಕಾಗಿ ಪರದೇಶದ ಕೋರ್ಟಿನ ಕಡೆ ನೋಡಬೇಕಾಯಿತು. 2025ರ ಅಕ್ಟೋಬರ್‌ನಲ್ಲಿ ಮದ್ರಾಸ್ ಹೈಕೋರ್ಟ್, ಇದೇ ಎಕ್ಸ್‌ಚೇಂಜ್‌ನ ಗ್ರಾಹಕರೊಬ್ಬರ ಅರ್ಜಿಯಲ್ಲಿ, ಕ್ರಿಪ್ಟೋ ಒಂದು ಸ್ವತ್ತು ಎಂದು ಹೇಳಿತು. ಸಂಸತ್ತು ಹೇಳಬೇಕಾದ ಮಾತು ಅದು.

ಜಪಾನ್ ಕೂಡ ಪೆಟ್ಟು ತಿಂದೇ ಕಲಿತದ್ದು. 2018ರ ಜನವರಿಯಲ್ಲಿ ಅಲ್ಲಿನ ಕಾಯಿನ್‌ಚೆಕ್‌ನಲ್ಲಿ ಭಾರೀ ಕಳವಾಯಿತು. ಅಲ್ಲಿನ ಶಾಸನಕರ್ತರು ಮರುವರ್ಷವೇ ಕಾನೂನು ತಿದ್ದಿದರು, 2020ರಲ್ಲಿ ಅದು ಜಾರಿಗೆ ಬಂತು. ಗ್ರಾಹಕರ ಕಾಯಿನ್‌ನಲ್ಲಿ ಕನಿಷ್ಠ 95% ಪಾಲಿನ ಕೀಗಳನ್ನು ಇಂಟರ್ನೆಟ್ ಸಂಪರ್ಕವಿಲ್ಲದ ಕಡೆ ಇಡಬೇಕು, ಕಂಪನಿಯ ಕಾಯಿನ್ ಜೊತೆ ಬೆರೆಸಬಾರದು. ಈ ಎರಡು ವಾಕ್ಯ ಬರೆಯಲು ಯಾವ ಸಂಸದರೂ ಗಣಿತ ಕಲಿಯಬೇಕಾಗಿಲ್ಲ. ಕೀ ಎಂದರೇನು ಎಂದು ತಿಳಿದರೆ ಸಾಕು.

ಸಂವಿಧಾನದ ಪ್ರಕಾರ ನಾಣ್ಯ, ಕರೆನ್ಸಿ ಕೇಂದ್ರದ ಪಟ್ಟಿಯಲ್ಲಿವೆ, ಪೊಲೀಸ್ ರಾಜ್ಯದ ಪಟ್ಟಿಯಲ್ಲಿದೆ. ಹಾಗಾಗಿ ಶಿವಮೊಗ್ಗದ ಮತದಾರ ಇಬ್ಬರನ್ನು ಬೇರೆಬೇರೆಯಾಗಿ ಕೇಳಬೇಕು. ಸಂಸದರನ್ನು: ಎಕ್ಸ್‌ಚೇಂಜ್ ಮುಳುಗಿದರೆ ಗ್ರಾಹಕನ ಕಾಯಿನ್ ಗ್ರಾಹಕನದೇ ಎಂದು ಕಾಯ್ದೆಯಲ್ಲಿ ಯಾವಾಗ ಬರೆಯುತ್ತೀರಿ? ಶಾಸಕರನ್ನು: ನಮ್ಮ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆ ನಾಳೆ ಕ್ರಿಪ್ಟೋ ವಶಪಡಿಸಿಕೊಂಡರೆ ಅದನ್ನು ಹಾಕಲು ಇಲಾಖೆಯ ವ್ಯಾಲೆಟ್ ಇದೆಯೇ, ಅದರ ಕೀಯನ್ನು ಎಷ್ಟು ಮಂದಿ ಸೇರಿ ಬಳಸಬೇಕು, ನ್ಯಾಯಾಲಯಕ್ಕೆ ಲೆಕ್ಕ ಒಪ್ಪಿಸುವವರು ಯಾರು?